ಕೋಶದಿಂದ ಕೇರಿಗೆ

(ಇಬ್ಬರೂ ಕೃಷ್ಣಾ-ಘಟಪ್ರಭಾ ಸೀಮೆಯವರು. ತಮ್ಮ, ಬನಹಟ್ಟಿಯ ನೇಕಾರರ ಮನೆಯ ಹುಡುಗ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕ್ಯಾನ್ಸರ್ ಕುರಿತು ಪೋಸ್ಟ್‌ಡಾಕ್ ಮಾಡುತ್ತಿದ್ದಾನೆ. ಅಕ್ಕ ಮುಧೋಳದವರು, ಅದೇ ಹಾದಿಯಲ್ಲಿ ನಡೆದು, ಪ್ರಯೋಗಾಲಯ ಬಿಟ್ಟು, ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಕೆಲಸ ನೋಡುತ್ತಾರೆ. ಇವರದು ಒಡಹುಟ್ಟಿದ ನಂಟಲ್ಲ, ಜಮಖಂಡಿಯಲ್ಲಿ ಓದಿದವರ ನಂಟು.)

ತಮ್ಮ: ಅಕ್ಕಾ, ಜೂನ್ ತಿಂಗಳಿಗೆ ನನ್ನ ಫೆಲೋಶಿಪ್ ಮುಗೀತೈತ್ರಿ. ಮತ್ತೊಂದು ಅರ್ಜಿ ಹಾಕಲೋ ಬ್ಯಾಡೋ ತಿಳೀವಲ್ದು. ಬಿಡಬೇಕು ಅನಸ್ತೈತಿ. ಬಿಟ್ರ ಇಷ್ಟು ವರ್ಷ ಮಾಡಿದ್ದೆಲ್ಲಾ ಹೊಳಿಗೆ ಹಾಕಿದಂಗ ಅಂತ ಹೆದರಿಕಿನೂ ಆಗ್ತೈತಿ.

ಅಕ್ಕ: ಯಾಕ ಬಿಡಬೇಕು ಅನಸ್ತೈತಿ, ಅದನ್ನ ಮೊದಲ ಹೇಳು. ರೊಕ್ಕದ ಸಲುವಾಗಿ ಏನು? ಮನಿಯವರ ಸಲುವಾಗಿ ಏನು? ಇಲ್ಲಾ ಕೆಲಸದ ಮ್ಯಾಲಿನ ಪ್ರೀತಿನ ಹೋತೇನು? ಮೂರಕ್ಕೂ ಉತ್ತರ ಬ್ಯಾರೆ ಬ್ಯಾರೆ.

ತಮ್ಮ: ಮೂರೂ ಅಷ್ಟಿಷ್ಟು ಅದಾವ್ರಿ. 2023ರ ಜನವರಿಯಿಂದ ರಿಸರ್ಚ್ ಅಸೋಸಿಯೇಟ್ ಮೊದಲ ಹಂತಕ್ಕ ತಿಂಗಳಿಗೆ 58,000 ರೂಪಾಯಿ, ಮ್ಯಾಲ ಮನಿ ಬಾಡಿಗಿ ಅಂತ ಮಾಡ್ಯಾರ. ಅದು ಸಣ್ಣ ರೊಕ್ಕ ಅಲ್ಲ. ಆದ್ರ ಯೋಜನಾ ಇರೂತನಕ ಅಷ್ಟ. ಯೋಜನಾ ಮುಗಿದ್ರ ನೌಕರಿನೂ ಮುಗೀತು. ನಡುವ ಮಂಜೂರಾತಿ ತಡ ಆದ್ರ ತಿಂಗಳಗಟ್ಟಲೆ ಕೈ ಖಾಲಿ. ನೂಲಿನ ದರ ಏರಿ ಸೀರಿ ಹೋಗದಿದ್ದಾಗ ಅಪ್ಪ ನನ್ನ ಕಡೆ ನೋಡ್ತಾನ. "ಡಾಕ್ಟರೇಟ್ ಆತಲ್ಲ, ಇನ್ನೂ ಕಲಿಯೂದು ಮುಗೀಲಿಲ್ಲೇನಪಾ?" ಅಂತ ಕೇಳ್ತಾನ. ಪೋಸ್ಟ್‌ಡಾಕ್ ಅಂದ್ರ ಏನು ಅಂತ ಅವಗ ಹೆಂಗ ಹೇಳ್ಲಿ? ಕಲಿತದ್ದು ಮುಗದೈತಿ, ಕಾಯಂ ಜಾಗಾ ಸಿಕ್ಕಿಲ್ಲ, ನಡುವಿನ ಪಡಸಾಲ್ಯಾಗ ಕುಂತೀನಿ.

ಅಕ್ಕ: ಕೆಲಸದ ಮಾತು?

ತಮ್ಮ: ಅಲ್ಲೇ ಇರೂದ್ರಿ ನೋವು. ಒಂದು ಪ್ರೋಟೀನಿನ ಬೆನ್ನು ಹತ್ತೀನಿ. ಅದನ್ನ ತಡದ್ರ ಪ್ಲೇಟಿನ್ಯಾಗಿನ ಕ್ಯಾನ್ಸರ್ ಕೋಶ ಸಾಯ್ತಾವ. ಇಲಿ ಮೈಯಾಗಿನ ಗಡ್ಡಿ ಸಣ್ಣದಾಗ್ತೈತಿ. ಅದರಾಚೆ ಏನು ಅಂತ ಕೇಳಿದ್ರ ನನ್ನ ಕಡೆ ಉತ್ತರಿಲ್ಲ.

ಅಕ್ಕ: ಯಾವ ಕೋಶದಾಗ ಕೆಲಸ?

ತಮ್ಮ: ಹೀಲಾ ಕೋಶ.

ಅಕ್ಕ: ಅಂದ್ರ ಹೆನ್ರಿಯೆಟಾ ಲ್ಯಾಕ್ಸ್ ಅನ್ನೂ ಹೆಣ್ಣುಮಗಳ ಕೋಶ. 1951ರಾಗ ಅಮೆರಿಕದ ಬಾಲ್ಟಿಮೋರಿನ್ಯಾಗ ಗರ್ಭಕಂಠದ ಕ್ಯಾನ್ಸರಿನಿಂದ 31ನೇ ವಯಸ್ಸಿಗೆ ತೀರಿಕೊಂಡ್ಳು. ಆಕಿನ್ನ ಕೇಳದ ತಗೊಂಡ ಕೋಶ ಇವತ್ತಿಗೂ ಜಗತ್ತಿನ ಪ್ರಯೋಗಾಲಯದಾಗ ಬೆಳೀತಾವ. ನಾನೂ ಅವನ್ನ ಬೆಳೆಸೀನಿ. ಆ ದಿನಮಾನದಾಗ ಬೀಳಗಿ ತಾಲೂಕಿನ್ಯಾಗಿನ ನಮ್ಮ ಅತ್ತಿಗೆ ಅದ ಕ್ಯಾನ್ಸರ್ ಬಂತು. ಮುಟ್ಟು ನಿಂತ ಮ್ಯಾಲ ರಕ್ತ ಹೋಗೂದು ಸುರುವಾಗಿತ್ತು. ಯಾರ ಮುಂದೂ ಹೇಳಲಿಲ್ಲ. ಕಬ್ಬು ಕಡಿಯೂದು ಮುಗೀಲಿ, ಆಮ್ಯಾಲ ನೋಡೋಣು ಅಂದ್ಳು. ದವಾಖಾನಿ ಮುಟ್ಟೂದ್ರಾಗ ಮೂರನೇ ಹಂತ. ನಾ ಬರಿಯಾಕತ್ತಿದ್ದ ಪೇಪರು ಆಕಿಯಂಥವರ ತನಕ ಔಷಧ ಆಗಿ ಬರಬೇಕಂದ್ರ ಎಷ್ಟು ವರ್ಷ ಬೇಕೋ. ಆಕಿಗೆ ಬೇಕಾಗಿದ್ದು ಮನಿ ಮುಂದ ನಿಂತು ಹೇಳೂ ಒಂದು ಮಾತು: "ಅವ್ವಾ, ಹಿಂಗ ರಕ್ತ ಹೋಗಬಾರದು, ನಾಳಿನ ತೋರಿಸು."

ತಮ್ಮ: ಹಂಗಾದ್ರ ಪ್ರಯೋಗಾಲಯದ ಕೆಲಸ ದಂಡ ಅಂತೀರೇನು?

ಅಕ್ಕ: ಹಂಗ ಎಂದೂ ಅನ್ನೂದಿಲ್ಲ. ಆ ಕ್ಯಾನ್ಸರ್ ಪ್ಯಾಪಿಲೋಮಾ ವೈರಸ್ಸಿನಿಂದ ಬರ್ತೈತಿ ಅಂತ ಹಾರಾಲ್ಡ್ ಸುರ್ ಹೌಸನ್ ಪ್ರಯೋಗಾಲಯದಾಗನ ತೋರಿಸಿದ್ರು. ಅದಕ್ಕ 2008ರ ನೊಬೆಲ್ ಬಂತು. ಅವರ ಕೆಲಸ ಇಲ್ಲದಿದ್ರ ವೈರಸ್ ಹುಡುಕೂ ಪರೀಕ್ಷೆನೂ ಇರ್ತಿರಲಿಲ್ಲ, ಲಸಿಕೆನೂ ಇರ್ತಿರಲಿಲ್ಲ. ಪ್ರಶ್ನೆ ಮನಸ್ಸಿನ್ಯಾಗ ಉರಿಯಾಕತ್ತಿದ್ರ ಅಂಥವರು ಅಲ್ಲೇ ಇರಬೇಕು, ಸರ್ಕಾರ ಅವರ್ಗೆ ಗಟ್ಟಿ ನೆಲಿ ಕೊಡಬೇಕು. ನಾ ಹೇಳೂದಿಷ್ಟ: ಕೋಶದಿಂದ ರೋಗಿ ತನಕ ಹಾದಿ ಭಾಳ ಉದ್ದ ಐತಿ. ಕಲಿತವರೆಲ್ಲಾ ಹಾದಿಯ ಒಂದು ತುದಿಯೊಳಗ ಕೂಡೀವಿ. ಹಾದಿ ಕಡದದ್ದು ಬ್ಯಾರೆ ಜಾಗಾದಾಗ.

ತಮ್ಮ: ಕಡದ ಜಾಗಾದಾಗ ಕೆಲಸ ಮಾಡಿದ್ರ ಫಲ ಸಿಕ್ಕೈತೇನು? ಅದನ್ನ ಅಳತಿ ಮಾಡಿ ತೋರಿಸ್ಯಾರೇನು? ನಾನು ವಿಜ್ಞಾನದವ ಅಕ್ಕಾ, ಭರವಸೆ ಸಾಲೂದಿಲ್ಲ.

ಅಕ್ಕ: ತೋರಿಸ್ಯಾರ, ಅದೂ ನಮ್ಮ ನೆರಿಯಾಗ. ವಿಜಯಪುರ, ಸೊಲ್ಲಾಪುರ ದಾಟಿದ್ರ ಬಾರ್ಶಿ. ಅಲ್ಲಿ 1987ರಾಗ ಹಳ್ಳಿ ಮಂದಿಯ ಕ್ಯಾನ್ಸರ್ ನೋಂದಣಿ ಸುರು ಮಾಡಿದ್ರು. ಇಡೀ ದೇಶದಾಗ ಹಳ್ಳಿಗೇ ಅಂತ ಆದ ಮೊದಲನೇ ನೋಂದಣಿ ಅದು. ಪಟ್ಟಣದಾಗ ಆದ್ರ ದವಾಖಾನಿ ದಾಖಲಿ ನೋಡಿ ಲೆಕ್ಕ ಹಾಕ್ತಾರ. ಹಳ್ಳ್ಯಾಗ ರೋಗಿ ದವಾಖಾನಿಗೇ ಬರೂದಿಲ್ಲ, ದಾಖಲಿ ಎಲ್ಲಿಂದ ಬರಬೇಕು? ಹಂಗಂತ ಕಾರ್ಯಕರ್ತರು 300ಕ್ಕೂ ಹೆಚ್ಚು ಹಳ್ಳಿ ತಿರುಗಿ, ಮಂದಿ ಕೂಡ ಕುಂತು, ಯಾವ ಲಕ್ಷಣ ಇದ್ರ ತೋರಿಸಬೇಕು ಅಂತ ಹೇಳಿಕೋತ, ಇದ್ದವರನ್ನ ದವಾಖಾನಿಗೆ ಕಳಿಸಿದ್ರು. ಮುಂದ ಕೆಲವು ವರ್ಷದಾಗ ಏನಾತು ಗೊತ್ತೇನು? ಗರ್ಭಕಂಠದ ಕ್ಯಾನ್ಸರ್ ಮೊದಮೊದಲಿನ ಹಂತದಾಗ ಸಿಗೂದು ಹೆಚ್ಚಾತು. ಲೆಕ್ಕ ಬರಿಯಾಕ ಹೋದವರ ಮಾತಿಗೇ ಅಷ್ಟು ಬಲ ಇತ್ತು. ಅದು 1995ರಾಗ ಪೇಪರಾಗಿ ಬಂದೈತಿ.

ತಮ್ಮ: ಗರ್ಭಕಂಠ ತಪಾಸಣೆಯ ಉಸ್ಮಾನಾಬಾದ್ ಅಧ್ಯಯನ ಮಾಡಿದ್ದೂ ಅವರ ತಂಡಾನ ಅಲ್ಲೇನ್ರಿ?

ಅಕ್ಕ: ಹೌದು. ಬಾರ್ಶಿಯವರು, ಮುಂಬೈನ ಟಾಟಾ ಮೆಮೋರಿಯಲ್, ಮ್ಯಾಲ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ. 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳು. ವೈರಸ್ ಪರೀಕ್ಷೆ ಒಂದ ಸಲ ಮಾಡಿ, ಸಿಕ್ಕವರ್ಗೆ ಚಿಕಿತ್ಸೆ ಕೊಟ್ರ ಆ ಕ್ಯಾನ್ಸರಿನ ಸಾವು ಹತ್ತತ್ರ ಅರ್ಧಕ್ಕ ಇಳೀತು. 2009ರಾಗ ಪ್ರಕಟ ಆತು, ಜಗತ್ತಿನ ತಪಾಸಣಾ ನೀತಿ ತಿದ್ದಿದ ಕೆಲಸ ಅದು. ಹೊಲದಾಗ ದುಡಿಯೂ ಹೆಣ್ಣುಮಕ್ಕಳಿಂದ ಬಂದ ಜ್ಞಾನ.

ತಮ್ಮ: ಅದರೊಳಗ ಒಂದು ಮಾತು ನನಗ ಚುಚ್ಚತೈತ್ರಿ. ಹೋಲಿಕೆಗೆ ಇಟ್ಟ ಗುಂಪಿನವರ್ಗೆ ತಪಾಸಣೆನ ಇರಲಿಲ್ಲ. ಅವರೊಳಗೂ ಸತ್ತಾರ. ಅವರ ಒಪ್ಪಿಗಿ ಅಂದ್ರ ಏನು ಒಪ್ಪಿಗಿ?

ಅಕ್ಕ: ಚುಚ್ಚಬೇಕು. ಅದರ ಮ್ಯಾಲ ಆಮ್ಯಾಲ ದೊಡ್ಡ ಚರ್ಚೆ ನಡೀತು. ಆಗ ದೇಶದಾಗ ಊರೂರಿಗೆ ತಪಾಸಣೆ ಇರಲಿಲ್ಲ, ಹಂಗಾಗಿ ಅದನ್ನ ಹೋಲಿಕೆಗೆ ಇಟ್ಟೀವಿ ಅಂತ ಒಂದು ವಾದ. ಉಪಯೋಗ ಆಗ್ತೈತಿ ಅಂತ ಗೊತ್ತಿದ್ದದ್ದನ್ನ ತಡದು ನೋಡೂದು ತಪ್ಪು ಅಂತ ಇನ್ನೊಂದು. ನನ್ನ ಇವತ್ತಿನ ನೌಕರಿ ಆ ಪ್ರಶ್ನೆಯೊಳಗ ಐತಿ. ಹೊಸ ಔಷಧದ ಪ್ರಯೋಗಕ್ಕ ಒಬ್ಬ ರೋಗಿಯನ್ನ ಸೇರಿಸಬೇಕಾದ್ರ, ಅವರ್ಗೆ ತಿಳಿಯೂ ಭಾಷಾದಾಗ ಎಲ್ಲಾ ಹೇಳಿ ಒಪ್ಪಿಗಿ ತಗೋಬೇಕು ಅಂತ ಕಾನೂನು ಐತಿ. 2019ರ ನಿಯಮದ ಪ್ರಕಾರ ನೈತಿಕ ಸಮಿತಿಯೊಳಗ ಕಡಿಮಿ ಅಂದ್ರ ಏಳು ಮಂದಿ ಇರಬೇಕು. ಡಾಕ್ಟರ್ ಅಲ್ಲದ ಸಾಮಾನ್ಯರು ಒಬ್ಬರು, ಕಾನೂನು ಬಲ್ಲವರು ಒಬ್ಬರು, ಹೆಣ್ಣುಮಗಳು ಒಬ್ಬಾಕಿ ಇರಲೇಬೇಕು. ಕಾಗದ ಎಲ್ಲಾ ಸರಿ. ಆದ್ರ ಇಂಗ್ಲಿಷಿನಿಂದ ಬಂದ ಹದಿನೈದು ಪುಟದ ಕನ್ನಡ ಕಾಗದ ಓದಿ, ತೇರದಾಳದ ಅಜ್ಜಗ ಏನು ತಿಳೀಬೇಕು?

ತಮ್ಮ: ನೀವು ಏನು ಮಾಡ್ತೀರಿ?

ಅಕ್ಕ: ಕುಂತು ಹೇಳ್ತೀನಿ. ಆಮ್ಯಾಲ "ಅಜ್ಜಾ, ಈಗ ನೀವು ನಿಮ್ಮ ಮಗಗ ಇದನ್ನ ಹೆಂಗ ಹೇಳ್ತೀರಿ, ಹೇಳಿ ತೋರಿಸ್ರಿ" ಅಂತೀನಿ. ತಾವು ಯಾವ ಗುಂಪಿಗೆ ಬರ್ತಾರ ಅನ್ನೂದು ಡಾಕ್ಟರ ಕೈಯಾಗ ಇಲ್ಲ, ಚೀಟಿ ಎತ್ತಿದಂಗ ಆಗ್ತೈತಿ ಅನ್ನೂದು ಅವರ ಬಾಯಿಂದ ಬಂದ ಮ್ಯಾಲ, ಬ್ಯಾಡ ಅನ್ನಾಕ ಹಕ್ಕೈತಿ, ಬ್ಯಾಡ ಅಂದ್ರೂ ಇರೂ ಚಿಕಿತ್ಸೆ ನಿಲ್ಲೂದಿಲ್ಲ ಅನ್ನೂದೂ ಬಂದ ಮ್ಯಾಲ ಸಹಿ. ಆ ಔಷಧ ಕೋಶದಾಗ ಹೋಗಿ ಏನು ಮಾಡ್ತೈತಿ ಅಂತ ನನಗ ಗೊತ್ತೈತಿ. ಗೊತ್ತಿರೂದಕ್ಕ ಸಾದಾ ಮಾತಿನ್ಯಾಗ ಹೇಳಾಕ ಬರ್ತೈತಿ. ಒಂದು ಅಡ್ಡ ಪರಿಣಾಮ ಯಾಕ ಬಂತು ಅಂತ ಊಹೆ ಮಾಡಾಕ ಬರ್ತೈತಿ. ನನ್ನ ಪೋಸ್ಟ್‌ಡಾಕ್ ಎಲ್ಲೂ ಹೋಗಿಲ್ಲಪಾ, ದಿನಾ ಕೆಲಸಕ್ಕ ಬರ್ತೈತಿ.

ತಮ್ಮ: ಆದ್ರೂ ನಮ್ಮ ಲ್ಯಾಬಿನ್ಯಾಗ ಬಿಟ್ಟು ಹೋದವರ ಹೆಸರು ತಗೀಬೇಕಾದ್ರ ದನಿ ಸಣ್ಣ ಮಾಡ್ತಾರ. ಸೋತು ಹೋದವರು ಅನ್ನೂ ಹಂಗ.

ಅಕ್ಕ: ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕು ಓದು. ಆಂಧ್ರದ ಭೀಮವರದಾಗ 1895ರಾಗ ಹುಟ್ಟಿದವರು. ಹಾರ್ವರ್ಡಿನ್ಯಾಗ ವರ್ಷಾನುಗಟ್ಟಲೆ ದುಡದ್ರು, ಕಾಯಂ ಹುದ್ದೆ ಸಿಗಲಿಲ್ಲ. 1940ರಾಗ ಲೆಡರ್ಲೆ ಅನ್ನೂ ಔಷಧ ಕಂಪನಿಗೆ ಹೋದ್ರು. ಅಲ್ಲಿ ಅವರ ತಂಡ ಅಮೈನಾಪ್ಟೆರಿನ್ ಮಾಡಿತು. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಸಿಡ್ನಿ ಫಾರ್ಬರ್ ಅದನ್ನ ಕೊಟ್ಟು ನೋಡಿದ್ರು. 16 ಮಕ್ಕಳೊಳಗ 10 ಮಕ್ಕಳ ರೋಗ ಕೆಲವು ಕಾಲ ಹಿಂದ ಸರೀತು. 1948ರಾಗ ಅದು ಪ್ರಕಟ ಆತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧ ಕೊಡೂ ಕಾಲ ಅಲ್ಲಿಂದ ತೆರೀತು. ಇನ್ನೊಂದು ಕೇಳು. ನಮ್ಮ ಬಾಗಲಕೋಟಿ ಜಿಲ್ಲಾದಾಗ ಆನೆಕಾಲು ರೋಗಕ್ಕ ಮನಿಮನಿಗೆ ಬಂದು ಗುಳಿಗಿ ಕೊಡ್ತಿದ್ರಲ್ಲ?

ತಮ್ಮ: ಡಿಇಸಿ ಗುಳಿಗಿ. ನಮ್ಮ ಓಣ್ಯಾಗೂ ಕೊಟ್ಟಾರ.

ಅಕ್ಕ: ಅದೂ ಅದ ಕಂಪನಿಯೊಳಗ, ಸುಬ್ಬರಾವ್ ಅವರ ಮುಂದಾಳತ್ವದಾಗ ಬಂದದ್ದು. ವಿಶ್ವವಿದ್ಯಾಲಯ ಬಿಟ್ಟ ಮನುಷ್ಯನ ಕೆಲಸ ಬನಹಟ್ಟಿ ಓಣಿ ತನಕ ನಡಕೋತ ಬಂತು.

ತಮ್ಮ: ಒಪ್ಪತೀನಿ, ಆದ್ರ ಒಂದು ತಕರಾರು ಐತಿ. ಸುಬ್ಬರಾವ್ ಪ್ರಯೋಗಾಲಯ ಬಿಡಲಿಲ್ಲ. ವಿಶ್ವವಿದ್ಯಾಲಯ ಬಿಟ್ರು ಅಷ್ಟ.

ಅಕ್ಕ: ಸರಿಯಾಗಿ ಹಿಡದಿ. ಈಗ ಅದನ್ನ ನಿನಗ ಹಚ್ಚಿ ನೋಡು. ನೀ ಬಿಡಬೇಕು ಅನ್ನೂದು ಏನನ್ನ? ಪೈಪೆಟ್ ಹಿಡಿಯೂದನ್ನೋ, ಪೇಪರು-ಗ್ರಾಂಟುಗಳ ಓಟಾನೋ, ಬೆಂಗಳೂರನ್ನೋ, ಕ್ಯಾನ್ಸರನ್ನೋ? ನಾಲ್ಕನ್ನೂ ಒಂದ ಗಂಟು ಕಟ್ಟಿ ಹೊರಗ ಒಗದವರು ಆಮ್ಯಾಲ ಪೇಚಾಡೂದನ್ನ ನೋಡೀನಿ.

ತಮ್ಮ: (ಸ್ವಲ್ಪ ತಡೆದು) ಪೈಪೆಟ್ ಬಿಟ್ರ ನಡೀತೈತಿ. ಓಟ ಬಿಡಬೇಕು. ಕ್ಯಾನ್ಸರ್ ಬಿಡಾಕ ಮನಸ್ಸಿಲ್ರಿ.

ಅಕ್ಕ: ಪ್ರಯೋಗದ ಪ್ರೀತಿ ಇದ್ದು ಓಟ ಬ್ಯಾಡ ಅನ್ನವಗ ಉದ್ಯಮ ಐತಿ. ಬಯೋಕಾನ್ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಔಷಧವನ್ನ ಕಡಿಮಿ ಬೆಲೆಗೆ ಮಾಡಿ 2014ರಾಗ ಇಲ್ಲಿ ತಂತು, 2017ರಾಗ ಅಮೆರಿಕದ ಔಷಧ ಇಲಾಖೆನೂ ಒಪ್ಪಿತು. ಅಂಥಾ ಔಷಧ ತಯಾರಾಗೂದು ಜೀವಂತ ಕೋಶದಾಗ. ಕೋಶ ಬೆಳೆಸೂದು, ಶುದ್ಧ ಮಾಡೂದು, ಗುಣಮಟ್ಟ ನೋಡೂದು, ಸರ್ಕಾರಕ್ಕ ದಾಖಲಿ ಒಪ್ಪಿಸೂದು, ಎಲ್ಲಾದಕ್ಕೂ ನಿನ್ನಂಥಾ ಕೈ ಬೇಕು. ಮುಂಬೈ ಐಐಟಿ ಪ್ರಯೋಗಾಲಯದಾಗ ಹುಟ್ಟಿ, ಟಾಟಾ ಮೆಮೋರಿಯಲ್ಲಿನ್ಯಾಗ ಪರೀಕ್ಷೆ ಆಗಿ, ಇಮ್ಯುನೊಆಕ್ಟ್ ಕಂಪನಿಯಿಂದ ಬಂದ, ರಕ್ತದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರಾಗ ಒಪ್ಪಿಗಿ ಸಿಕ್ತು. ಅಮೆರಿಕದ ಅಂಥಾ ಚಿಕಿತ್ಸೆ ಮುಂದ ಬೆಲಿ ಹತ್ತರಾಗ ಒಂದು ಪಾಲು. ಸಂಖ್ಯೆ ಪ್ರೀತಿಸವಗ ನೋಂದಣಿ, ಸಂಖ್ಯಾಶಾಸ್ತ್ರ. ಬರವಣಿಗಿ ಇದ್ದವಗ ವೈದ್ಯಕೀಯ ಬರಹ. ವಾದ ಮಾಡಾಕ ಬಲ್ಲವಗ ಪೇಟೆಂಟ್ ಏಜೆಂಟ್ ಪರೀಕ್ಷೆ. ಅದಕ್ಕ ವಿಜ್ಞಾನದ ಪದವಿ ಇದ್ರ ಸಾಕು.

ತಮ್ಮ: ಇವೆಲ್ಲಾ ಬೆಂಗಳೂರು, ಮುಂಬೈ ಮಾತು. ಜಮಖಂಡಿ, ಮುಧೋಳದಾಗ ಏನೈತಿ? ಊರಿಗೆ ಬಂದ್ರ ನನ್ನ ಕಲಿಕಿ ಯಾರಿಗೆ ಬೇಕು?

ಅಕ್ಕ: ನೌಕರಿ ಜಾಹೀರಾತಿನ್ಯಾಗ ಹುಡುಕಿದ್ರ ಏನೂ ಸಿಗೂದಿಲ್ಲ, ಖರೇ. ಆದ್ರ ಕೆಲಸ ಐತಿ. ನಿಮ್ಮ ಮಗ್ಗದ ಮನಿಗಳನ್ನ ನೋಡು. ಗದ್ದಲದಾಗ ಹಗಲೂ ರಾತ್ರಿ ಪಾಳಿ. ನಿದ್ದಿ ಬರಬಾರದು ಅಂತ ತುಟಿ ಹಿಂದ ತಂಬಾಕು, ಇಲ್ಲಾ ಗುಟ್ಕಾ. 2013ರಾಗ ರಾಜ್ಯದಾಗ ಗುಟ್ಕಾ ನಿಷೇಧ ಆತು. ಮಂದಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ತಗೊಂಡು ಕೂಡಿಸಿ ಹಾಕ್ಕೊಂತಾರ. ಬಾಯಾಗ ಬಿಳಿ ಮಚ್ಚಿ ಆಗ್ತೈತಿ, ಬಾಯಿ ತೆರಿಯಾಕ ಬರೂದಿಲ್ಲ, ಖಾರ ತಡಿಯೂದಿಲ್ಲ. ಅಲ್ಲಿಂದ ಕ್ಯಾನ್ಸರ್ ತನಕ ವರ್ಷಗಳ ಹಾದಿ ಐತಿ. ಅಷ್ಟು ವರ್ಷ ನಮ್ಮ ಕೈಯಾಗ ಇರ್ತಾವ.

ತಮ್ಮ: ನನ್ನ ಚಿಕ್ಕಪ್ಪಗ ಎರಡು ಬಟ್ಟಿನಷ್ಟ ಬಾಯಿ ತೆರೀತೈತಿ. ಹಲ್ಲಿನ ತ್ರಾಸು ಅಂತಾನ.

ಅಕ್ಕ: ನಾಳಿನ ಕರಕೊಂಡು ಹೋಗು, ಈ ಮಾತು ಮುಗೀಲಿ ಅಂತಲೂ ಕಾಯಬ್ಯಾಡ. ಕೇರಳದ ತಿರುವನಂತಪುರ ಜಿಲ್ಲಾದಾಗ 1996ರಿಂದ ಒಂದು ದೊಡ್ಡ ಅಧ್ಯಯನ ಮಾಡಿದ್ರು. ಡಾಕ್ಟರ್ ಅಲ್ಲದ, ತರಬೇತಿ ಆದ ಕಾರ್ಯಕರ್ತರು ಮನಿಮನಿಗೆ ಹೋಗಿ ಬರೇ ಬಾಯಿ ನೋಡಿದ್ರು. ತಂಬಾಕು, ಸೆರೆ ಚಟ ಇದ್ದವರೊಳಗ ಬಾಯಿ ಕ್ಯಾನ್ಸರಿನ ಸಾವು ನೂರಕ್ಕ 34ರಷ್ಟು ಕಡಿಮಿ ಆತು. ಅದಕ್ಕ ಬೇಕಾದ ಸಾಮಾನು ಒಂದು ಬ್ಯಾಟರಿ, ಒಂದು ಜೋಡು ಕಣ್ಣು. 2016ರಾಗ ಕೇಂದ್ರ ಸರ್ಕಾರ 30ರಿಂದ 65 ವಯಸ್ಸಿನವರ್ಗೆ ಬಾಯಿ, ಸ್ತನ, ಗರ್ಭಕಂಠ ತಪಾಸಣೆ ಮಾಡಬೇಕು ಅಂತ ಮಾರ್ಗಸೂಚಿ ತಂತು. ಆಶಾ ಅಕ್ಕಂದಿರು ಮನಿಮನಿ ಫಾರ್ಮ್ ತುಂಬತಾರ. ಆ ಫಾರ್ಮಿನ ಪ್ರಶ್ನೆ ಯಾಕ ಕೇಳಬೇಕು, ಉತ್ತರ ಬಂದ ಮ್ಯಾಲ ಏನು ಹೇಳಬೇಕು, ರೋಗಿ ದವಾಖಾನಿ ಮುಟ್ಟಿದ್ನೋ ಇಲ್ಲೋ ಅಂತ ಹೆಂಗ ನೋಡಬೇಕು, ಇದನ್ನ ಅವರ ಜೋಡಿ ಕುಂತು ಮಾಡೂ ಒಬ್ಬ ಬಲ್ಲವ ಪ್ರತಿ ತಾಲೂಕಿಗೆ ಬೇಕು.

ತಮ್ಮ: ಅಂಥಾ ಹುದ್ದೆ ಯಾರು ಕೊಡ್ತಾರ?

ಅಕ್ಕ: ಕೆಲವನ್ನ ಬೇಡಿ ಪಡೀಬೇಕು, ಕೆಲವನ್ನ ನಾವ ಕಟ್ಟಬೇಕು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್ ಯಾರು ಕೊಟ್ರು? ಸಿದ್ದು ನ್ಯಾಮಗೌಡ್ರ ಮುಂದಾಳತ್ವದಾಗ ರೈತರು ತಮ್ಮ ರೊಕ್ಕ, ತಮ್ಮ ಬೆವರು ಹಾಕಿ 1989ರಾಗ ಕೃಷ್ಣಾ ಹೊಳಿಗೆ ಕಟ್ಟಿದ್ರು. ಸರ್ಕಾರದ ಹೊಣಿ ಸರ್ಕಾರದ್ದ, ಅದನ್ನ ಬಿಡಸಬಾರದು. ಆದ್ರ ಈ ಸೀಮಿಯವರು ಮೊದಲ ಕೈ ಹಚ್ಚಿ ತೋರಿಸ್ಯಾರ. ಈ ನಾಡಿನ ಸಕ್ಕರಿ ಕಾರ್ಖಾನಿ, ನೇಕಾರ ಸಂಘ, ಮಠ, ಸಾಲಿ, ಎಲ್ಲಾರ ಬಾಗಿಲಾ ನಿನಗ ಪರಿಚಯ. ಹೊರಗಿಂದ ಬಂದ ತಜ್ಞಗ ಇದು ಇರೂದಿಲ್ಲ.

ತಮ್ಮ: ನಿಮಗ ಪ್ರಯೋಗಾಲಯ ಬಿಟ್ಟದ್ದಕ್ಕ ನೋವು ಇಲ್ಲೇನ್ರಿ?

ಅಕ್ಕ: ಐತಿ. ಕತ್ತಲಿ ಕೋಣ್ಯಾಗ ಮೈಕ್ರೋಸ್ಕೋಪಿನ ಕೆಳಗ ಕೋಶ ಹಸರ ಹೊಳಿಯೂದು, ಇದನ್ನ ಇವತ್ತು ಜಗತ್ತಿನ್ಯಾಗ ನಾ ಒಬ್ಬಾಕಿನ ನೋಡಾಕತ್ತೀನಿ ಅನ್ನೂ ಸುಖ ಮತ್ತ ಸಿಗೂದಿಲ್ಲ. ಈಗ ಪ್ರಶ್ನೆ ಬ್ಯಾರೆಯವರದು, ಗಡುವು ಬ್ಯಾರೆಯವರದು, ಕಾಗದ ಭಾಳ. ಹೊರಗ ಬರೂ ಯಾರಿಗೂ ಇದನ್ನ ಮುಚ್ಚಿಡಬಾರದು. ಕಳಕೊಳ್ಳೂದು ಏನು ಅಂತ ಗೊತ್ತಿದ್ದು ಬಂದವ ಗಟ್ಟಿ ನಿಲ್ತಾನ.

ತಮ್ಮ: ಹಂಗಾದ್ರ ಬಿಡೂದು ಹೆಂಗ? ಜೂನಿನ್ಯಾಗ ಒಂದಿನ ಕೀಲಿ ಕೊಟ್ಟು ಬರೂದೇನು?

ಅಕ್ಕ: ಮಗ್ಗದ ಮನಿಯವ ನನ್ನ ಕೇಳ್ತೀಯಲ್ಲ! ಬೀಮಿನ ಹಾಸು ಮುಗಿದ್ರ ನಿಮ್ಮಪ್ಪ ಹಣಗಿಯೊಳಗಿನ ಎಳಿ ಕಿತ್ತು ಒಗೀತಾನೇನು? ಹಳೇ ಹಾಸಿನ ತುದಿಗೆ ಹೊಸ ಹಾಸಿನ ಎಳಿ ಒಂದೊಂದ ಕೆಚ್ಚತಾರ. ನೀನೂ ಹಂಗ ಮಾಡು. ಮೊದಲ, ಅರ್ಧ ಆದ ಪೇಪರು ಮುಗಿಸು. ಅದು ನಿನ್ನದಷ್ಟ ಅಲ್ಲ, ಅದಕ್ಕ ಸಾರ್ವಜನಿಕ ರೊಕ್ಕ ಹತ್ತೈತಿ. ಎರಡನೇದು, ದ್ರವ ಸಾರಜನಕದಾಗಿನ ನಿನ್ನ ಕೋಶದ ಬಾಟ್ಲಿ ಯಾವುದು ಯಾವ ಪೆಟ್ಟಿಗ್ಯಾಗ ಐತಿ, ಯಾವಾಗಿನದು ಅಂತ ಪಟ್ಟಿ ಮಾಡಿ, ನೋಟ್‌ಬುಕ್ ಸಮೇತ ಮುಂದಿನವರ ಕೈಯಾಗ ಕೊಡು. ವಿಫಲ ಆದ ಪ್ರಯೋಗಾನೂ ಬರದಿಡು. ಮುಂದಿನ ಹುಡುಗಿಯ ಒಂದು ವರ್ಷ ಉಳೀತೈತಿ. ಗೈಡ್ ಮುಂದ ಈಗ ಹೇಳು, ಕಡೀ ವಾರದಾಗ ಅಲ್ಲ.

ತಮ್ಮ: ಅವರ ಮುಂದ ಹೇಳೂದ ದೊಡ್ಡ ಅಂಜಿಕಿ.

ಅಕ್ಕ: ಅಂಜಬ್ಯಾಡ. ನಿನ್ನ ಗೈಡೂ ಒಂದು ಮಾತು ತಿಳಕೋಬೇಕು. ಪಿಎಚ್‌ಡಿ ಸೇರಿದ ದಿನಾನ ಹುಡುಗರ್ಗೆ ಹೇಳಬೇಕು: ನಿಮ್ಮೊಳಗ ಭಾಳ ಮಂದಿ ಪ್ರಾಧ್ಯಾಪಕರಾಗೂದಿಲ್ಲ, ಅಷ್ಟು ಕುರ್ಚಿ ಇಲ್ಲ, ಅದಕ್ಕ ಬ್ಯಾರೆ ಹಾದಿಗೂ ನಿಮ್ಮನ್ನ ತಯಾರ ಮಾಡ್ತೀವಿ ಅಂತ. ಹೇಳದ ಇಟ್ಟು, ಮೂವತ್ತೈದಕ್ಕ ಅವರ್ಗೇ ಗೊತ್ತಾಗ್ಲಿ ಅನ್ನೂದು ಅನ್ಯಾಯ. ಹೊರಗಿನ ಕೆಲಸಾನ ಎರಡನೇ ದರ್ಜೆ ಅಂತ ಎಣಸೂತನಕ ಬುದ್ಧಿವಂತ ಮಕ್ಕಳು ಸೋತ ಮುಖ ಹೊತಗೊಂಡ ಹೊರಗ ಬರ್ತಾರ. ಸೋತ ಮುಖದವರಿಂದ ಕಡದ ಹಾದಿ ಕೂಡೂದಿಲ್ಲ.

ತಮ್ಮ: ನಾ ಏನು ಕಲೀಬೇಕು, ಅದನ್ನ ಹೇಳ್ರಿ.

ಅಕ್ಕ: ಸಂಖ್ಯಾಶಾಸ್ತ್ರ ಗಟ್ಟಿ ಮಾಡ್ಕೋ, ಒಂದು ಸಾವಿರ ರೋಗಿಗಳ ಪಟ್ಟಿ ಕೊಟ್ರ ಅರ್ಥ ತಗಿಯಾಕ ಬರಬೇಕು. ಕ್ಲಿನಿಕಲ್ ಪ್ರಯೋಗದ ನಿಯಮಗಳ ತರಬೇತಿ ಮಾಡು. 2009ರಿಂದ ದೇಶದ ಪ್ರತಿ ಔಷಧ ಪ್ರಯೋಗ ಸರ್ಕಾರಿ ದಾಖಲಾತಿಯೊಳಗ ಬರಬೇಕು, ಅದನ್ನ ಯಾರಾದ್ರೂ ನೋಡಬಹುದು, ಕುಂತು ಓದು. ಕಡೀಕ, ಕನ್ನಡದಾಗ ಬರಿ. ಧಾರವಾಡದಾಗ ಡಾಕ್ಟರಕಿ ಮಾಡಿದ ಅನುಪಮಾ ನಿರಂಜನ ತಾಯಂದಿರ ಸಲುವಾಗಿ ಕನ್ನಡದಾಗ ಪುಸ್ತಕ ಬರದ್ರು. ಕಡೀಕ ತಾವೂ ಕ್ಯಾನ್ಸರಿನಿಂದನ 1991ರಾಗ ಹೋದ್ರು. ಅವರ "ತಾಯಿ ಮಗು" ಎಷ್ಟು ಮನಿಯಾಗ ಇತ್ತು! ದೇಹದ ಮಾತನ್ನ ನಾಚಿಕಿ ಇಲ್ಲದ, ಮರ್ಯಾದಿ ಬಿಡದ ಹೇಳೂ ಅಂಥಾ ಬರಹ ಇವತ್ತಿನ ಕ್ಯಾನ್ಸರ್ ವಿಜ್ಞಾನಕ್ಕೂ ಬೇಕು. ಅದನ್ನ ಪ್ಲೇಟಿನ್ಯಾಗ ಕೋಶ ಸಾಯೂದನ್ನ ಕಣ್ಣಾರೆ ಕಂಡವರು ಬರೀಬೇಕು.

ತಮ್ಮ: ಅಕ್ಕಾ, ನೀವು ಹೇಳಿದ್ದನ್ನೆಲ್ಲಾ ನಾ ಒಬ್ಬನ ಮಾಡಾಕ ಆಗೂದಿಲ್ಲ.

ಅಕ್ಕ: ಎಲ್ಲಾ ಮಾಡಬ್ಯಾಡ. ಕಡದ ಜಾಗಾ ಒಂದು ಆರಿಸ್ಕೋ, ಅಲ್ಲಿ ಗಟ್ಟಿ ನಿಲ್ಲು. ಪಗಾರ ಕೊಡೂ ನೌಕರಿ ಮೊದಲ ಹಿಡಿ. ಮನಿ ಹಸಿವಿನ್ಯಾಗ ಇಟ್ಟು ಸೇವಾ ಮಾಡು ಅಂತ ನಾ ಹೇಳೂದಿಲ್ಲ. ಆ ನೌಕರಿ ರೋಗಿಗೆ ಒಂದು ಹೆಜ್ಜಿಯಷ್ಟಾದ್ರೂ ಹತ್ರ ಇರಲಿ.

ತಮ್ಮ: ನಾ ಬಾಯಿ ಕ್ಯಾನ್ಸರ್ ಆರಿಸ್ಕೋತೀನ್ರಿ. ಮುಂದಿನ ವಾರ ಗೈಡ್ ಮುಂದ ಹೇಳ್ತೀನಿ, ಪೇಪರು ಏಪ್ರಿಲ್ ಒಳಗ ಕಳಸ್ತೀನಿ. ಹುಬ್ಬಳ್ಳಿ, ಬೆಳಗಾವಿ ದವಾಖಾನಿಗಳ ಟ್ರಯಲ್ ವಿಭಾಗಕ್ಕ ಅರ್ಜಿ ಹಾಕ್ತೀನಿ. ನಮ್ಮ ನೇಕಾರರ ಓಣ್ಯಾಗ ಬಾಯಿ ತಪಾಸಣಾ ಶಿಬಿರ ಮಾಡಾಕ ಯಾರ್ಯಾರನ್ನ ಕೇಳಬೇಕು?

ಅಕ್ಕ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿನ್ನ ಮೊದಲ ಕಾಣು. ಒಬ್ಬ ದಂತವೈದ್ಯರನ್ನ ಒಪ್ಪಿಸು. ಅನುಮಾನ ಬಂದವರನ್ನ ಎಲ್ಲಿಗೆ ಕಳಸೂದು, ಗಾಡಿ ಖರ್ಚು ಯಾರದು, ಬಯಾಪ್ಸಿ ವರದಿ ಬರೂತನಕ ಯಾರು ಬೆನ್ನು ಹತ್ತೂದು ಅಂತ ಬರದು ಗಟ್ಟಿ ಮಾಡ್ಕೊಳ್ಳದ ಶಿಬಿರ ಮಾಡಬ್ಯಾಡ. ರೋಗ ಐತಿ ಅಂತ ಹೇಳಿ ಕೈ ಬಿಟ್ರ ಅದು ದೊಡ್ಡ ಪಾಪ. ಪಟ್ಟಿ ಮಾಡಿ ನನಗ ಕಳಸು, ರವಿವಾರ ನಾನೂ ಬರ್ತೀನಿ. ಮೊದಲನೇ ಹೆಸರು ನಿಮ್ಮ ಚಿಕ್ಕಪ್ಪಂದು ಇರಲಿ.